ಸೀಟಿಲ್ಲದ ಸೈಕಲ್ಲಿಗೆ ಮೊಳ ಹಾಕಿದ್ದು

ಬಿರುಕು ಮೊದಲು ಕಂಡಿದ್ದು ನನ್ನ ಕಣ್ಣಿಗೇ. ಆಯ್ಕೆ ಸ್ಪರ್ಧೆಗೆ ಇನ್ನು ಇಪ್ಪತ್ನಾಲ್ಕು ದಿನ ಇತ್ತು. ದಾವಣಗೆರೆ ಮಂಡಿಪೇಟೆಯ ನನ್ನ ಸೈಕಲ್ ಅಂಗಡಿ ಮುಂದೆ ಆ ಹುಡುಗಿ ತನ್ನ ಟ್ರಯಲ್ಸ್ ಸೈಕಲ್ ತಂದು ನಿಲ್ಲಿಸಿ, "ಕಾಕಾ, ಹ್ಯಾಂಡಲ್ ಯಾಕೋ ಕಟ್ ಕಟ್ ಅಂತೈತೆ, ಸ್ವಲ್ಪ ನೋಡ್ರಿ" ಅಂದಳು. ನಾನು ಮುಂದಿನ ಗಾಲಿಯನ್ನು ಮೊಣಕಾಲಲ್ಲಿ ಅದುಮಿ ಹಿಡಿದು ಹ್ಯಾಂಡಲ್ ತಿರುಚಿದೆ. ಹ್ಯಾಂಡಲನ್ನು ಮುಂದಿನ ಗಾಲಿ ಹಿಡಿಯೋ ಫೋರ್ಕಿಗೆ ಕೂಡಿಸುವ ತುಂಡು ಇರುತ್ತಲ್ಲ, ಸ್ಟೆಮ್ಮು, ಅದರ ಬೋಲ್ಟಿನ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಬಾಯಿ ಬಿಟ್ಟು ಮುಚ್ಚಿತು.

ಟ್ರಯಲ್ಸ್ ಅಂದ್ರೆ ಸೈಕಲ್ ಓಡಿಸೋ ಆಟ ಅಲ್ರಿ, ನೆಗೆಸೋ ಆಟ. ಬಂಡೆ, ಮರದ ದಿಮ್ಮಿ, ಸಿಮೆಂಟ್ ಪೈಪು, ಇವನ್ನೆಲ್ಲ ಕಾಲು ನೆಲಕ್ಕೆ ತಾಗಿಸದೆ ಹತ್ತಿ ಇಳೀಬೇಕು. ಕಾಲು ತಾಗಿದರೆ ಒಂದು ತಪ್ಪು. ತಪ್ಪು ಕಡಿಮೆ ಇದ್ದವರು ಗೆದ್ದರು. ಅರ್ಧ ಹೊತ್ತು ಹಿಂದಿನ ಒಂದೇ ಗಾಲಿ ಮೇಲೆ ನಿಂತು ಕಪ್ಪೆಯ ಹಾಗೆ ಕುಪ್ಪಳಿಸಬೇಕು. ಕೂಡೋ ಮಾತೇ ಇಲ್ಲ, ಹಾಗಾಗಿ ಆ ಸೈಕಲ್ಲಿಗೆ ಸೀಟೂ ಇಲ್ಲ. ಈ ಸೀಟಿನ ಮಾತು ನೆನಪಿಟ್ಟುಕೊಳ್ರಿ, ನನ್ನ ಮಾನ ಹೋಗಿದ್ದು ಅಲ್ಲೇ.

ಹುಡುಗಿ ಭಾನುವಳ್ಳಿಯವಳು. ಎಸ್.ಎಸ್. ಬಡಾವಣೆಯ ಒಂದು ಜಿಮ್ಮಿನಲ್ಲಿ ಹೆಂಗಸರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದಳು. ಬೆಳಿಗ್ಗೆ ಮೊದಲನೇ ಬಸ್ಸಿಗೆ ಹರಿಹರ, ಅಲ್ಲಿಂದ ದಾವಣಗೆರೆ. ಜಿಮ್ ಮುಗಿಸಿ ನನ್ನ ಅಂಗಡಿಯಿಂದ ಸೈಕಲ್ ತಗೊಂಡು ಅಭ್ಯಾಸಕ್ಕೆ ಹೋಗೋಳು. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದ್ದು ನಾನು ನೋಡಿಲ್ಲ. ಈ ಸಲ ರಾಜ್ಯ ತಂಡಕ್ಕೆ ಹೆಂಗಸರಲ್ಲಿ ಇಬ್ಬರನ್ನು ತಗೋತಾರೆ ಅಂತ ಗೊತ್ತಾದಾಗಿನಿಂದ ಅವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಅವಳು ಬಯಸಿದ್ದು ಅಷ್ಟೇ, ಆ ಇಬ್ಬರಲ್ಲಿ ಒಬ್ಬಳಾಗೋದು.

ಸೈಕಲ್ ಹೊಸದಲ್ಲ. ಪುಣೆ ಕಡೆಯ ಯಾರೋ ಓಡಿಸಿಬಿಟ್ಟಿದ್ದು. ಅವನು ಆರಡಿ ಆಳಂತೆ. ಅವನ ಸ್ಟೆಮ್ಮು ಒಂದು ಗೇಣು ಉದ್ದ, ಮೇಲೆ ಬೇರೆ ಎದ್ದು ನಿಂತಿತ್ತು. ಅದನ್ನು ಬಿಚ್ಚುತ್ತಾ ನಾನು ದೊಡ್ಡಸ್ತಿಕೆಯಿಂದ ಹೇಳಿದೆ: "ಇದು ಗಂಡಸಿನ ಅಳತೆ ಅವ್ವಾ. ನಿನ್ನ ಕೈ ಇಷ್ಟುದ್ದ ಐತೆ. ನೀನು ಇಷ್ಟು ದಿನ ಕುದುರೆ ಜೀನು ಕತ್ತೆಗೆ ಹಾಕ್ಕೊಂಡು ಓಡಾಡಿದಂಗೆ ಓಡಾಡೀಯಾ. ಒಡೆದಿದ್ದೇ ಒಳ್ಳೇದಾಯ್ತು."

"ಹಂಗಂತೀರಾ?" ಅಂದಳು.

"ನಲವತ್ತು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ."

ನಮ್ಮಪ್ಪ ಕಲಿಸಿದ ಅಳತೆ ಒಂದಿದೆ. ಸೈಕಲ್ ಕೊಳ್ಳೋಕೆ ಬಂದವರ ಮೊಣಕೈಯನ್ನು ಸೀಟಿನ ಮೂಗಿಗೆ ತಾಗಿಸಬೇಕು, ಕೈ ಮುಂದೆ ಚಾಚಿಸಬೇಕು. ನಡುಬೆರಳು ಹ್ಯಾಂಡಲಿಗೆ ತಾಗಿದರೆ ಅಳತೆ ಸರಿ. ಇದಕ್ಕೆ ಮೊಳ ಹಾಕೋದು ಅಂತೀವಿ. ಹಾಲು ಹಾಕೋನಿಗೆ, ಮೇಷ್ಟ್ರಿಗೆ, ಶಾಲೆ ಹುಡುಗಿಗೆ, ಎಲ್ಲರಿಗೂ ಹಾಕಿದ್ದೇನೆ. ಇವಳಿಗೂ ಹಾಕಿದೆ. ಸೀಟಿಲ್ಲ, ಸರಿ. ಸೀಟು ಇದ್ದಿದ್ದರೆ ಅದರ ಮೂಗು ಎಲ್ಲಿ ಇರುತ್ತಿತ್ತೋ ಆ ಜಾಗವನ್ನು ಗಾಳಿಯಲ್ಲೇ ಗುರುತು ಮಾಡಿ, ಅಲ್ಲಿಗೆ ಅವಳ ಮೊಣಕೈ ಇಡಿಸಿದೆ. ಬೆರಳು ಎಲ್ಲಿಗೆ ಬಂತೋ ಅಲ್ಲಿಗೆ ಹ್ಯಾಂಡಲ್ ಬರೋ ಹಾಗೆ, ಗೇರ್ ಸೈಕಲ್ಲಿನ ಆರು ಸೆಂಟಿಮೀಟರಿನ ಮೋಟು ಸ್ಟೆಮ್ ಬಿಗಿದೆ. ಮೇಲಕ್ಕೂ ಅದು ಹೆಚ್ಚು ಏಳುತ್ತಿರಲಿಲ್ಲ. ಹಳೇ ಹ್ಯಾಂಡಲ್ ಸ್ವಲ್ಪ ಮೇಲೆ ಬಾಗಿದ್ದು ಅಸಹ್ಯ ಕಂಡಿತು, ಅದನ್ನೂ ತೆಗೆದು ಮೂಲೆಗಿಟ್ಟು ನೇರದ್ದು ಹಾಕಿದೆ. ಒಡೆದ ಸ್ಟೆಮ್ಮನ್ನು ಗುಜರಿ ಡಬ್ಬಕ್ಕೆ ಎಸೆದೆ. ಶನಿವಾರ ಗುಜರಿ ಗಾಡಿಯವನು ಬಂದು ಎತ್ತಿಕೊಂಡು ಹೋದ. ಅಳತೆಗಾದರೂ ಇಟ್ಟುಕೊಳ್ಳಬೇಕು ಅಂತ ನನ್ನ ತಲೆಗೆ ಹೊಳೀಲೇ ಇಲ್ಲ ನೋಡ್ರಿ.

ಮೂರನೇ ದಿನಕ್ಕೇ ಅವಳು ಬಂದು, "ಕಾಕಾ, ಹಿಂದಿನ ಗಾಲಿ ಮೇಲೆ ನಿಂತ್ರೆ ಅಂಗಾತ ಬೀಳ್ತೀನಿ. ಬೀಳಬಾರ್ದು ಅಂತ ಬಗ್ಗಿದ್ರೆ ಸೊಂಟ ಹಿಡಿತೈತೆ" ಅಂದಳು.

"ಹೊಸ ಅಳತೆ ಅಲ್ಲೇನವ್ವಾ, ಮೈಗೆ ರೂಢಿ ಆಗ್ಬೇಕು."

ಐದನೇ ದಿನ ಬಂದಳು, ಎಂಟನೇ ದಿನ ಬಂದಳು. ಎಂಟನೇ ದಿನ ಕುಂಟುತ್ತಾ ಬಂದಿದ್ದಳು. ಊರ ಹೊರಗೆ ಅವಳು ಅಭ್ಯಾಸ ಮಾಡೋ ಹಳ್ಳದ ದಂಡೆಯ ಬಂಡೆ ಮೇಲಿಂದ ಹಿಂದಕ್ಕೆ ಬಿದ್ದು ಬಾಲದ ಮೂಳೆಗೆ ಪೆಟ್ಟಾಗಿತ್ತು. ನನಗೆ ಸಿಟ್ಟು ಬಂತು. ಅವಳ ಮೇಲೋ ನನ್ನ ಮೇಲೋ, ಆಗ ಗೊತ್ತಾಗಲಿಲ್ಲ. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಕಾಲಾಗೆ ಬಿಗಿ ಇಟ್ಕೋ ಮೊದ್ಲು, ಹ್ಯಾಂಡಲ್ ಬೈಬ್ಯಾಡ" ಅಂದುಬಿಟ್ಟೆ. ಅವಳು ಸೈಕಲ್ ಒಳಗೆ ಇಟ್ಟು ಬಸ್ಸಿಗೆ ಹೋದಳು.

ಹನ್ನೆರಡನೇ ದಿನ ನಾನೇ ಹಳ್ಳದ ದಂಡೆಗೆ ಹೋಗಿ ನೋಡಿದೆ. ಮೊದಲು ನಾಲ್ಕು ಬಂಡೆಯನ್ನು ಮೆಟ್ಟಿಲು ಹತ್ತಿದಂತೆ ಹತ್ತುತ್ತಿದ್ದವಳು ಈಗ ಮೊಣಕಾಲೆತ್ತರದ ಕಲ್ಲಿನ ಮುಂದೆ ನಿಂತು ಬ್ರೇಕ್ ಹಿಡಿದು, ಬಿಟ್ಟು, ಮತ್ತೆ ಹಿಡಿದು ಯೋಚನೆ ಮಾಡುತ್ತಿದ್ದಳು. ಹೆದರಿಕೆ ಹೊಕ್ಕಿತ್ತು. ಟ್ರಯಲ್ಸ್ ಆಡೋರಿಗೆ ಹೆದರಿಕೆ ಹೊಕ್ಕರೆ ಮುಗೀತು ಅಂತಲೇ. ಇನ್ನು ಹನ್ನೆರಡೇ ದಿನ ಉಳಿದಿತ್ತು.

ಬೆಂಗಳೂರಿನ ಎರಡು ಅಂಗಡಿಗೆ ಫೋನ್ ಮಾಡಿದೆ. ಟ್ರಯಲ್ಸ್ ಸ್ಟೆಮ್ ಹೊರದೇಶದಿಂದ ತರಿಸಬೇಕು, ತಿಂಗಳಾಗುತ್ತೆ ಅಂದರು. ಗುಜರಿಯವನನ್ನು ಹುಡುಕಿಕೊಂಡು ಹೋದೆ. ಅಲ್ಯೂಮಿನಿಯಂ ಎಲ್ಲಾ ಕರಗಿಸೋಕೆ ಹೋಗಿತ್ತು. ಆಮೇಲೆ ಸೈಕಲ್ಲು, ಹುಡುಗಿ ಇಬ್ಬರನ್ನೂ ಕರೆದುಕೊಂಡು ಹರಿಹರದ ಲೇತ್ ಮೇಸ್ತ್ರಿ ಶೆಡ್ಡಿಗೆ ಹೋದೆ. ಮೇಸ್ತ್ರಿ ನನ್ನ ಹಳೇ ಗೆಳೆಯ. ದೊಡ್ಡ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು ನಿವೃತ್ತಿಯಾದ ಮೇಲೆ ಸ್ವಂತ ಲೇತ್ ಹಾಕಿಕೊಂಡವನು. ಒಂದು ಕೂದಲಿನ ದಪ್ಪವನ್ನು ಬೆರಳಲ್ಲಿ ಮುಟ್ಟಿ ಹೇಳಬಲ್ಲ. ಮಾತು ಮಾತ್ರ ಉಪ್ಪು ಕಾರ.

"ಏನ್ ಸಾವ್ಕಾರ್ರು ಈ ಕಡೆ? ಕೂಡ್ರಿ ಕೂಡ್ರಿ" ಅಂದ. ನಾನು ಕಥೆ ಹೇಳಿದೆ. ಮೊಳ ಹಾಕಿದ್ದನ್ನೂ ಹೇಳಿದೆ. ಅವನು ಕನ್ನಡಕ ತೆಗೆದು ನನ್ನ ಮುಖ ನೋಡಿದ.

"ಸೀಟಿಂದ ಮೊಳ ಹಾಕ್ದೆ ಅಂದ್ಯಲ್ಲ, ಇದ್ರಾಗೆ ಸೀಟೆಲ್ಲೈತಪ್ಪಾ?"

"ಇಲ್ಲ. ಅಂದಾಜು ಮಾಡ್ಕೊಂಡೆ."

"ಅಂದಾಜು ಮಾಡ್ಕೊಂಡ್ಯಾ! ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟ ಅನ್ನಂಗಾತು. ಮೊಳ ಹಾಕೋದು ಕೂತ್ಕೊಂಡು ತುಳಿಯೋನಿಗೆ. ಈ ಹುಡುಗಿ ಕೂತ್ಕೋತಾಳೇನು? ನಿಂತ್ಕೋತಾಳೆ, ಅದೂ ಒಂದೇ ಗಾಲಿ ಮ್ಯಾಲೆ. ನಿಂತೋಳ ಅಳತೆ ನಿಲ್ಲಿಸಿ ತಗೋಬೇಕೋ, ಕೂಡಿಸಿ ತಗೋಬೇಕೋ?"

ನಾನು ಹುಡುಗಿ ಕಡೆ ನೋಡಲಿಲ್ಲ. ನೋಡೋಕೆ ಆಗಲಿಲ್ಲ. ನೆಲ ನೋಡಿಕೊಂಡೇ, "ತಪ್ಪು ನಂದೇ ತಾಯಿ. ನೀನು ಹೇಳಿದ್ದೆಲ್ಲಾ ಖರೇನೇ ಇತ್ತು" ಅಂದೆ. ಅವಳು, "ಇರ್ಲಿ ಬಿಡ್ರಿ ಕಾಕಾ, ಈಗೇನ್ ಮಾಡದು ಹೇಳ್ರಿ" ಅಂದಳು. ದನಿ ಒಣಗಿತ್ತು.

ಅಳತೆ ತಗೊಂಡ ರೀತಿ ಹೀಗೆ. ಹ್ಯಾಂಡಲ್ ಪೂರ್ತಿ ಬಿಚ್ಚಿದೆವು. ಹಿಂದಿನ ಬ್ರೇಕನ್ನು ಹಗ್ಗದಲ್ಲಿ ಕಟ್ಟಿ ಗಾಲಿ ಅಲುಗದಂತೆ ಮಾಡಿ, ಅವಳನ್ನು ಪೆಡಲ್ ಮೇಲೆ ನಿಲ್ಲಿಸಿ, ಮುಂದಿನ ಗಾಲಿ ಮೇಲೆತ್ತಿ, ನಾನೊಂದು ಕಡೆ ಮೇಸ್ತ್ರಿ ಒಂದು ಕಡೆ ಫೋರ್ಕ್ ಹಿಡಿದು ನಿಂತೆವು. ಅವಳ ಕೈಗೆ ಬರೀ ಒಂದು ಪೈಪ್ ತುಂಡು ಕೊಟ್ಟೆವು. ಸೊಂಟ ನೆಟ್ಟಗೆ, ತೋಳು ನೀಳ, ಭುಜ ಸಡಿಲ ಬಿಟ್ಟಾಗ ಪೈಪು ಎಲ್ಲಿ ಬಂದು ನಿಲ್ಲುತ್ತೋ ಅಲ್ಲಿಂದ ಫೋರ್ಕಿನ ತುದಿಗೆ ನೂಲು ಹಿಡಿದು ಅಳೆದೆವು. ಇಳಿದು, ಸುಧಾರಿಸಿಕೊಂಡು, ಮತ್ತೆ. ಆರು ಸಲ. ನಾನು ಹಾಕಿದ ಸ್ಟೆಮ್ಮಿಗಿಂತ ಹ್ಯಾಂಡಲ್ ನಾಲ್ಕು ಬೆರಳು ಮುಂದಕ್ಕೆ, ಗೇಣಿಗೆ ಸ್ವಲ್ಪ ಕಡಿಮೆ ಮೇಲಕ್ಕೆ ಹೋಗಬೇಕಿತ್ತು. ಅಂದರೆ ಆ ಪುಣೆಯವನ ಸ್ಟೆಮ್ಮಿನ ಅಳತೆಯೇ ಹೆಚ್ಚುಕಡಿಮೆ ಇವಳದ್ದೂ. ನಾನು ಎಸೆದಿದ್ದು ಅದನ್ನೇ.

ಮೇಸ್ತ್ರಿ ಎರಡು ದಾರಿ ಹೇಳಿದ. ಕಬ್ಬಿಣದ ಗಟ್ಟಿ ಪೈಪ್ ಕತ್ತರಿಸಿ ವೆಲ್ಡ್ ಮಾಡೋದು, ಇಲ್ಲಾ ಅಲ್ಯೂಮಿನಿಯಂ ದಿಮ್ಮಿಯಿಂದ ಕೊರೆದು ತೆಗೆಯೋದು. "ನನ್ನ ಕೇಳಿದ್ರೆ ಕಬ್ಬಿಣ ಮಾಡಿಸ್ಕೋ. ತೂಕ ಐತೆ, ಖರೆ. ಆದ್ರೆ ಕಬ್ಬಿಣ ಮುರಿಯೋ ಮುಂಚೆ ಬಾಗಿ ಹೇಳ್ತೈತೆ. ಅಲ್ಯೂಮಿನಿಯಂ ಹೇಳದೆ ಕೇಳದೆ ಹೋಗ್ತೈತೆ."

ಮುಂದಿನ ಗಾಲಿ ಎತ್ತೋ ಆಟಕ್ಕೆ ಮುಂದೆ ತೂಕ ಹಾಕಬಾರದು ಅಂತ ನಾನು ಹಟ ಹಿಡಿದೆ. ಹನ್ನೆರಡು ದಿನ ಹಾಳು ಮಾಡಿದವನಿಗೆ ಒಂದೇಟಿಗೆ ಎಲ್ಲಾ ಸರಿ ಮಾಡಿಬಿಡೋ ಆತುರ. ಹಗುರದ್ದೇ ಆಗಲಿ ಅಂದೆ. ಮೇಸ್ತ್ರಿ ತನ್ನ ಬೇರೆ ಕೆಲಸ ಎತ್ತಿಟ್ಟು ಆರು ದಿನ ಅದರ ಮೇಲೆ ಕೂತ. ಆರು ದಿನವೂ ನನ್ನ ಫೋನು. "ಆತಾ ಮೇಸ್ತ್ರಿ?" "ಇಲ್ಲಪ್ಪಾ." "ನಾಳೆ?" "ಫೋನ್ ಇಟ್ರೆ ನಾಳೆ ಆಗ್ತೈತೆ." ಕೊನೆಗೆ ಕೈಗೆ ಬಂದಾಗ ಬೆಳ್ಳಿ ಸಾಮಾನಿನ ಹಾಗೆ ಹೊಳೀತಿತ್ತು. ಹಳೆಯ ಬಾಗಿದ ಹ್ಯಾಂಡಲನ್ನೇ ವಾಪಸ್ ಹಾಕಿ, ಅವಳ ಭುಜಕ್ಕೆ ಸರಿಯಾಗಿ ಎರಡೂ ತುದಿಯಲ್ಲಿ ಒಂದೊಂದು ಬೆರಳು ಕತ್ತರಿಸಿದೆ. ನಾಲ್ಕು ಬೋಲ್ಟನ್ನೂ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದೆ.

ಉಳಿದದ್ದು ಐದೇ ದಿನ. ಏನ್ ಹೇಳ್ಲಿ ನಿಮಗೆ! ಹುಡುಗಿ ಮೊದಲನೇ ಸಂಜೆಯೇ ನಾಲ್ಕು ಬಂಡೆ ಹತ್ತಿದಳು. ಎರಡನೇ ದಿನ, ಹಿಂದೆಂದೂ ದಾಟದಿದ್ದ ಕೊರಕಲನ್ನು ಹಿಂದಿನ ಗಾಲಿಯಿಂದ ಹಿಂದಿನ ಗಾಲಿಗೆ ನೆಗೆದು ದಾಟಿ, ಆ ಕಡೆ ನಿಂತು "ಕಾಕಾ!" ಅಂತ ಕೂಗಿದಳು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಹೋದ ಜೀವ ಬಂದಂಗಾಯಿತು.

ಶನಿವಾರ ಮಧ್ಯಾಹ್ನ, ಸ್ಪರ್ಧೆಯ ಹಿಂದಿನ ದಿನ, ನಾನು ಎಲ್ಲಾ ಬಿಚ್ಚಿ ಒರೆಸಿ ನೋಡೋಕೆ ಕೂತೆ. ಹೊಸ ಸಾಮಾನು, ನೋಡೋ ಅಗತ್ಯ ಇರಲಿಲ್ಲ. ಆದರೂ ಮನಸ್ಸು ತಡೀಲಿಲ್ಲ. ಸ್ಟೆಮ್ಮಿಗೆ ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟೆ. ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದೆ. ಸೀಳಿದ್ದರೆ ಒಳಗೆ ಕೂತ ಎಣ್ಣೆ ಮೆಲ್ಲಗೆ ಹೊರಬಂದು ಬಿಳೀ ಪುಡಿ ಮೇಲೆ ಕಪ್ಪು ಗೆರೆ ಬರೆಯುತ್ತೆ. ಟೀ ಕುಡಿದು ಬಂದು ನೋಡಿದೆ. ಹ್ಯಾಂಡಲ್ ಹಿಡಿಯೋ ಬಾಯಿಯ ಒಳಮೂಲೆಯಲ್ಲಿ ಉಗುರಿನುದ್ದ ಒಂದು ಗೆರೆ.

ಒರೆಸಿ ಮತ್ತೊಮ್ಮೆ ಮಾಡಿದೆ. ಮತ್ತೆ ಅಲ್ಲೇ ಗೆರೆ. ಅಯ್ಯೋ ಶಿವನೇ, ಇದನ್ನು ನನಗ್ಯಾಕೆ ತೋರಿಸಿದೆ ಅಂದುಕೊಂಡೆ.

ಫೋನ್ ಮಾಡಿದೆ, ಮೇಸ್ತ್ರಿ ಸಿಕ್ಕ ಬಸ್ಸು ಹತ್ತಿ ಬಂದ. ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದ. ತಮಾಷೆ ಒಂದೂ ಬರಲಿಲ್ಲ ಅವನ ಬಾಯಿಂದ. "ಈ ಮೂಲೆನ ನಾನು ದುಂಡಗೆ ಬಿಡ್ಬೇಕಾಗಿತ್ತು. ಅವಸರಕ್ಕೆ ಚೂಪಾಗಿ ಬಿಟ್ಟೀನಿ. ಇದು ಟೂಲ್ ಎಳೆದ ಗೆರೆನೂ ಇರಬಹುದು, ಸೀಳೂ ಇರಬಹುದು. ಎಣ್ಣೆ ಎರಡ್ರಾಗೂ ಕೂಡ್ತೈತೆ. ಆಣೆ ಮಾಡಿ ಹೇಳು ಅಂದ್ರೆ ನನ್ ಕೈಲಿ ಆಗಲ್ಲ."

"ಬೇರೆ ಮಾಡಾಕಾಗ್ತೈತಾ? ಕಬ್ಬಿಣದ್ದು?"

"ನಾಳೆ ಬೆಳಗಾಗದ್ರಾಗಾ? ಅವಸರದ ವೆಲ್ಡಿಂಗ್ ಇದಕ್ಕಿಂತ ಕಡೆ."

ಅಷ್ಟರಲ್ಲಿ ಹುಡುಗಿ ಬಂದಳು. ನಾವಿಬ್ಬರೂ ನಿಂತಿದ್ದ ರೀತಿ ನೋಡಿಯೇ ಅವಳ ಮುಖ ಇಳೀತು. ನಾನು ಗೆರೆ ತೋರಿಸಿದೆ. ಮೇಸ್ತ್ರಿ ಹೇಳಿದ್ದನ್ನೂ ಒಂದಕ್ಷರ ಬಿಡದೆ ಹೇಳಿದೆ.

"ಅಂದ್ರೆ ಸೀಳು ಅಂತ ಖಾತ್ರಿ ಇಲ್ಲ" ಅಂದಳು.

"ಇಲ್ಲ."

"ನಾಲ್ಕು ದಿನ ತಡೆದೈತೆ. ನಾಳೆ ಒಂದೊಪ್ಪತ್ತು ತಡೀತೈತೆ. ಹಾಕಿ ಕೊಡ್ರಿ ಕಾಕಾ."

"ನೆಗೆಯೋವಾಗ ಹ್ಯಾಂಡಲ್ ಕೈಯಾಗೆ ಬಂದ್ರೆ ನಿನ್ನ ಮುಖ ನೇರ ಬಂಡೆಗೆ ಹೋಗ್ತೈತವ್ವಾ. ಹಲ್ಲಲ್ಲ, ಕುತ್ತಿಗೆ."

"ಬಿದ್ರೆ ನಾನು ಬೀಳ್ತೀನಿ. ನೀವಲ್ಲ." ಕಣ್ಣು ತುಂಬಿತ್ತು, ಆದರೆ ದನಿ ಏರಿತ್ತು. "ಮೊದ್ಲು ಹನ್ನೆರಡು ದಿನ ನಿಮ್ಮ ಮಾತು ಕೇಳಿದೆ. ಏನಾತು? ಈಗ ನನ್ನ ಮಾತು ಒಂದ್ಸಲ ನೀವು ಕೇಳ್ರಿ. ಆ ಮೋಟು ಸ್ಟೆಮ್ಮಿನಾಗೆ ನಾನು ಗೆಲ್ಲಲ್ಲ, ನಿಮಗೂ ಗೊತ್ತೈತೆ. ಕೈ ಮುಗೀತೀನಿ ಕಾಕಾ."

ಕೈ ಮುಗಿದೂ ಬಿಟ್ಟಳು. ಇನ್ನೊಂದು ಸಲ ಕೇಳಿದ್ದರೆ ನಾನು ಕೊಟ್ಟುಬಿಡುತ್ತಿದ್ದೆ. ಇದನ್ನು ನಾನು ಒಪ್ಪಿಕೊಳ್ಳಲೇಬೇಕು. ನನ್ನ ತಪ್ಪಿನ ಭಾರಕ್ಕೆ ಕೈ ಆಗಲೇ ಸ್ಟೆಮ್ಮಿನ ಕಡೆ ಹೋಗುತ್ತಿತ್ತು. ಇವಳಿಗೆ ಇಲ್ಲ ಅನ್ನೋ ಹಕ್ಕು ನನಗೆಲ್ಲಿ ಉಳಿದಿದೆ ಅಂತ ಮನಸ್ಸು ಕೇಳುತ್ತಿತ್ತು. ಆ ಕ್ಷಣಕ್ಕೆ ನನಗೆ ನನ್ನ ಮೇಲೇ ಭಯ ಆಯಿತು. ಕಬ್ಬಿಣ ಕೊಯ್ಯೋ ಹ್ಯಾಕ್ಸಾ ತಗೊಂಡೆ, ಸ್ಟೆಮ್ಮನ್ನು ವೈಸಿನ ದವಡೆಗೆ ಬಿಗಿದೆ, ನಡುಕುತ್ತಿಗೆಗೆ ಬ್ಲೇಡ್ ಇಟ್ಟು ಎಳೆದೆ. ಮೇಸ್ತ್ರಿ "ಲೇ ಲೇ" ಅಂದ. ಆರು ದಿನ ಕೂತು ಮಾಡಿದ ಸಾಮಾನು ಐದು ನಿಮಿಷಕ್ಕೆ ಎರಡಾಯಿತು.

ಆಮೇಲೆ ಮೋಟು ಸ್ಟೆಮ್ಮನ್ನೇ ಹಾಕಿದೆ. ಬಾಗಿದ ಹ್ಯಾಂಡಲನ್ನು ಮುಂದಕ್ಕೆ ಉರುಳಿಸಿ ಬಿಗಿದರೆ ಎರಡು ಬೆರಳು ದೂರ ಸಿಗುತ್ತೆ. ಆದರೆ ಮಣಿಕಟ್ಟು ತಿರುಚುತ್ತೆ, ಎತ್ತರ ಮಾತ್ರ ಸಿಗಲ್ಲ. ಅಷ್ಟು ಬಿಟ್ಟರೆ ನನ್ನ ಹತ್ತಿರ ಬೇರೇನೂ ಉಳಿದಿರಲಿಲ್ಲ. ಅವಳು ಒಮ್ಮೆ ಹತ್ತಿ ನೋಡಿ, ಇಳಿದು, ಯಾರ ಮುಖವನ್ನೂ ನೋಡದೆ ಹೋದಳು.

ಭಾನುವಾರ ದಾವಣಗೆರೆಯ ಹೊರಗಿನ ಮೈದಾನದಲ್ಲಿ ಐದು ಕಡೆ ದಿಮ್ಮಿ, ಬಂಡೆ, ಪೈಪು ಜೋಡಿಸಿದ್ದರು. ನಾನು ಹಗ್ಗದ ಆಚೆ ಜನರ ನಡುವೆ ನಿಂತಿದ್ದೆ. ಅವಳು ಹಲ್ಲು ಕಚ್ಚಿ ಓಡಿಸಿದಳು. ಒಂದೊಂದು ನೆಗೆತಕ್ಕೂ ಮಣಿಕಟ್ಟು ಒದರಿಕೊಳ್ಳುತ್ತಿದ್ದಳು. ನಾಲ್ಕು ಕಡೆ ಮುಗಿದಾಗ ಎರಡನೇ ಜಾಗದಲ್ಲಿದ್ದಳು, ದೇವರಾಣೆ. ಐದನೆಯದರ ಕೊನೇ ಪೈಪಿನ ಮೇಲೆ ಹಿಂದಿನ ಗಾಲಿಯಲ್ಲಿ ನಿಂತಳು. ಸೈಕಲ್ ಅವಳ ಎದೆ ಮೇಲೆ ಬಂತು. ಸೊಂಟ ಬಗ್ಗಿಸಿ ತಡೆದಳು, ಇನ್ನೂ ತಡೆದಳು, ಆಮೇಲೆ ಎಡಗಾಲು ಕೆಳಗೆ ಬಂತು. ಆ ಒಂದು ಕಾಲಿಗೆ ಮೂರನೆಯವಳಾದಳು. ತಗೊಂಡಿದ್ದು ಇಬ್ಬರನ್ನು.

ಹತ್ತು ದಿನ ಅವಳು ಅಂಗಡಿ ಕಡೆ ಬರಲಿಲ್ಲ. ಸೈಕಲ್ಲೂ ಅವಳ ಹತ್ತಿರವೇ ಇತ್ತು. ಹನ್ನೊಂದನೇ ದಿನ ಬೆಳಿಗ್ಗೆ ತಳ್ಳಿಕೊಂಡು ಬಂದಳು. ನಮಸ್ಕಾರ ಇಲ್ಲ, ಏನಿಲ್ಲ.

"ಆ ತುಂಡು ಇಟ್ಟೀರಾ?"

"ಐತೆ."

"ಸೀಳಿತ್ತೋ ಇಲ್ಲೋ ನಂಗೆ ಗೊತ್ತಾಗ್ಬೇಕು. ವೈಸಿಗೆ ಹಾಕಿ ಹೊಡೀರಿ."

ಗೆರೆ ಇದ್ದ ತುಂಡನ್ನು ವೈಸಿಗೆ ಬಿಗಿದೆ. ಮುರೀಲಿ ಅಂತ ನಾನು ಎಷ್ಟು ಬೇಡಿಕೊಂಡೆನೋ ದೇವರಿಗೇ ಗೊತ್ತು. ಒಂದೇಟಿಗೆ ಮುರಿದರೆ ಅವಳೂ ಬದುಕಿದಳು, ನಾನೂ ಬದುಕಿದೆ. ದೊಡ್ಡ ಸುತ್ತಿಗೆ ಎತ್ತಿ ಹೊಡೆದೆ. ಠಣ್ ಅಂತು, ಅಷ್ಟೇ. ಎರಡನೇ ಏಟಿಗೂ ಅಷ್ಟೇ. ಮೂರು, ನಾಲ್ಕು, ಐದು, ಆರು. ಕೈ ಜುಮ್ಮೆಂದಿತು, ಬೆವರು ಕಣ್ಣಿಗಿಳಿಯಿತು, ಸ್ಟೆಮ್ಮು ಗಟ್ಟಿಯಾಗೇ ಇತ್ತು. ಏಳನೆಯದಕ್ಕೆ ಸುತ್ತಿಗೆ ಎತ್ತಿದಾಗ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಸಾಕು ಬಿಡ್ರಿ ಕಾಕಾ. ಮುರಿಯೋ ತನಕ ಹೊಡೆದ್ರೆ ಏನಾದ್ರೂ ಮುರೀತೈತೆ."

ಸುತ್ತಿಗೆ ಇಳಿಸಿದೆ. ತಪ್ಪಾತು ಅನ್ನಬೇಕೋ, ಸರಿ ಮಾಡಿದೆ ಅನ್ನಬೇಕೋ ಗೊತ್ತಾಗದೆ ತುಂಡನ್ನು ವೈಸಿನಿಂದ ಬಿಚ್ಚಿ ಅವಳ ಕೈಗಿಟ್ಟೆ. ಅವಳು ಆ ತುಂಡನ್ನು ಬಹಳ ಹೊತ್ತು ನೋಡಿದಳು. ಅಲ್ಲೇ ಬೆಂಚಿನ ಮೇಲೆ ಕೂತು, ಮುಖ ಮುಚ್ಚಿಕೊಂಡು, ಅಂಗಡಿಗೆ ಬಂದವರು ನಿಂತು ನೋಡುವ ಹಾಗೆ ಅತ್ತಳು. ನಾನು ಬಂದವರನ್ನು ಆಮೇಲೆ ಬರ್ರಿ ಅಂತ ಕಳಿಸಿದೆ.

ಅತ್ತು ಮುಗಿದ ಮೇಲೆ ಎದ್ದು ಸೆರಗಿನಂತೆ ದುಪಟ್ಟಾ ಎಳೆದು ಮುಖ ಒರೆಸಿಕೊಂಡಳು. "ನಾನು ಗೆಲ್ತಿದ್ದೆ" ಅಂದಳು.

"ಹೌದವ್ವಾ. ಗೆಲ್ತಿದ್ದೆ."

ಸೈಕಲನ್ನು ಒಳಗೆ ತಂದು ಗೋಡೆಗೆ ಒರಗಿಸಿದಳು. "ಮೇಸ್ತ್ರಿಗೆ ಕಬ್ಬಿಣದ್ದು ಮಾಡಾಕೆ ಹೇಳ್ರಿ. ಅವಸರ ಮಾಡ್ಬ್ಯಾಡ್ರಿ" ಅಂದು, ಜಿಮ್ಮಿಗೆ ಹೊತ್ತಾಯಿತು ಅಂತ ನಡೆದುಬಿಟ್ಟಳು.